ಮೂರು ಮನೆಯ ದೂರ

"ಕೊಡಲು ನನ್ನ ಹತ್ತಿರ ಏನೂ ಇಲ್ಲದಿರುವಾಗ, ಕೇಳುವವರ ಕಣ್ಣಿಗೆ ಬೀಳದ ಹಾಗೆ ಬೇರೆ ದಾರಿ ಹಿಡಿದು ಹೋಗುವುದು ತಪ್ಪೇ, ಗುರುಗಳೇ?"

ಬೆಳಗಿನ ಭಿಕ್ಷೆ ಮುಗಿಸಿ ಬಂದ ಮುಪ್ಪಯ್ಯ ಜೋಳಿಗೆಯನ್ನು ಗೂಟಕ್ಕೆ ಹಾಕುತ್ತ ಈ ಪ್ರಶ್ನೆ ಕೇಳಿದ. ಜೋಳಿಗೆ ಸಡಿಲವಾಗಿ ಜೋತುಬಿತ್ತು. ಕೆಲವು ದಿನಗಳಿಂದ ಅದು ಹಾಗೆಯೇ ಜೋತುಬೀಳುತ್ತಿತ್ತು.

ಗುರುಗಳು ಕಟ್ಟೆಯ ಮೇಲೆ ಕುಳಿತು ಬೇಳೆಯೊಳಗಿನ ಕಲ್ಲು ಆರಿಸುತ್ತಿದ್ದರು. ಅವರ ಪಕ್ಕದಲ್ಲಿ ಒಂದು ಹಳೆಯ ಬಟ್ಟೆಯ ಗಂಟು ಇತ್ತು. ಮುಪ್ಪಯ್ಯ ಅದನ್ನು ನೋಡಿಯೂ ನೋಡದಂತೆ ಕುಳಿತ. ಗುರುಗಳ ಗಂಟುಗಳ ಅನುಭವ ಅವನಿಗೆ ಸಾಕಷ್ಟಿತ್ತು. ಒಮ್ಮೆ ಪ್ರಸಾದವೆಂದು ಬಿಚ್ಚಿದಾಗ ಕಪ್ಪೆ ಹಾರಿತ್ತು. ಇನ್ನೊಮ್ಮೆ ಮೂರು ದಿನ ಹುಡುಕಿದ ಅವನದೇ ಚಪ್ಪಲಿ ಸಿಕ್ಕಿತ್ತು.

"ಕೇಳುವವರು ಯಾರು?" ಎಂದರು ಗುರುಗಳು.

"ಬೆಕ್ಕು."

"ಬಾಯಿ ಬಿಟ್ಟು ಕೇಳಿತೇ?"

"ಇಲ್ಲ. ಸುಮ್ಮನೆ ಹಿಂದೆ ಬರುತ್ತದೆ. ಅದೇ ಕಷ್ಟ."

ಮಠದಲ್ಲಿ ಆಗಲೇ ಮೂರು ಬೆಕ್ಕುಗಳಿದ್ದವು. ಮೂರನ್ನೂ ತಂದವನು ಮುಪ್ಪಯ್ಯನೇ, ಜೋಳದ ಜೊತೆಗೆ ಜೋಳಿಗೆಯಲ್ಲಿ ಹಾಕಿಕೊಂಡು. ಮೂರನೆಯದು ಬಂದ ದಿನ ಗುರುಗಳು, "ನಾಲ್ಕನೆಯದು ಒಳಗೆ ಬಂದರೆ ನಮ್ಮಿಬ್ಬರಲ್ಲಿ ಒಬ್ಬರು ಹೊರಗೆ ಹೋಗಬೇಕಾಗುತ್ತದೆ. ನನಗೆ ಮೊಣಕಾಲು ನೋವು, ನಾನಂತೂ ಹೋಗುವವನಲ್ಲ" ಎಂದಿದ್ದರು. ಮಠದ ಹಸು ಹಾಲು ನಿಲ್ಲಿಸಿ ಎರಡು ತಿಂಗಳಾಗಿತ್ತು. ಇದ್ದ ಬೆಕ್ಕುಗಳಿಗೇ ನೀರು ಬೆರೆಸಿದ ಮಜ್ಜಿಗೆ. ಇನ್ನು ತರುವುದಿಲ್ಲ ಎಂದು ಮುಪ್ಪಯ್ಯ ಹೊಸ್ತಿಲು ಮುಟ್ಟಿ ಹೇಳಿದ್ದ.

ಒಂಬತ್ತು ದಿನಗಳ ಹಿಂದೆ ಗಾಣಿಗರ ಓಣಿಯಲ್ಲಿ ಒಂದು ಬೂದುಬಣ್ಣದ ಮರಿ ಗೋಡೆಯಿಂದ ಇಳಿದು ಅವನ ಹಿಂದೆ ಬಂತು. ಮರುದಿನದಿಂದ ಅವನು ಗಾಣಿಗರ ಓಣಿಯನ್ನು ಬಿಟ್ಟ. ಕೆರೆಯ ಹಿಂದಿನಿಂದ ಸುತ್ತಿ ಬರತೊಡಗಿದ.

ಆ ಮಠದ ಭಿಕ್ಷೆಗೆ ಒಂದು ಕ್ರಮವಿತ್ತು. ಬಾಗಿಲಲ್ಲಿ ನಿಂತವನು ಮಾತಾಡಬಾರದು. ಮನೆಯವರ ಮುಖ ನೋಡಬಾರದು, ನೀಡುವ ಕೈಯನ್ನಷ್ಟೇ ನೋಡಬೇಕು. ಆದ್ದರಿಂದ ಏಳು ವರ್ಷ ತಿರುಗಿದರೂ ಮುಪ್ಪಯ್ಯನಿಗೆ ಊರಿನ ಮುಖಗಳು ಗೊತ್ತಿರಲಿಲ್ಲ. ಕೈಗಳು ಗೊತ್ತಿದ್ದವು. ಹಿಟ್ಟು ಮೆತ್ತಿದ ಕೈ, ಅರಿಶಿನದ ಕೈ, ನಡುಗುವ ಕೈ. ಗಾಣಿಗರ ಓಣಿಯ ಕೊನೆಯ ಮನೆಯಲ್ಲಿ ಎಡಗೈಯಲ್ಲಿ ಜೋಳ ಹಾಕುವ ಒಬ್ಬಳಿದ್ದಳು. ಗಾಣಕ್ಕೆ ಸಿಕ್ಕಿ ಬಲಗೈಯ ಬೆರಳುಗಳು ಹೋಗಿದ್ದವು. ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಒಂದು ಗಳಿಗೆ ಅನುಮಾನಿಸಿ, ಆಮೇಲೆ ಎಡಗೈ ಮುಂದೆ ಚಾಚುತ್ತಿದ್ದಳು. ಮುಪ್ಪಯ್ಯ ಜೋಳಿಗೆ ಒಡ್ಡುತ್ತಿದ್ದ. ಮುಂದಿನ ಓಣಿಗೆ ನಡೆಯುತ್ತಿದ್ದ. ಅಷ್ಟೇ ಅವನ ಬಂಧುಬಳಗ. ಮಠಕ್ಕೆ ಬರುವ ಮೊದಲೂ ತನ್ನವರೆಂದು ಅವನಿಗೆ ಯಾರೂ ಇರಲಿಲ್ಲ. ಮಲಗಿದಾಗ ಕಾಲಿನ ಮೇಲೆ ಬಂದು ಬೀಳುವ ಮೂರು ಬೆಕ್ಕುಗಳ ಭಾರವೇ ಅವನಿಗೆ ಸಂಸಾರ.

"ಒಬ್ಬ ಬಳೆಗಾರನಿದ್ದ" ಎಂದರು ಗುರುಗಳು. "ನನಗೆ ಗೊತ್ತಿದ್ದವನು. ಅಥವಾ ನನ್ನ ಗುರುಗಳಿಗೆ ಗೊತ್ತಿದ್ದವನು. ಯಾರಿಗೋ ಒಬ್ಬರಿಗೆ ಗೊತ್ತಿದ್ದ, ಬಿಡು. ಕತೆಗೆ ಅಷ್ಟು ಸಾಕು."

ಹೀಗೆ ಹೇಳಿ ಅವರು ಕತೆ ಶುರುಮಾಡಿದರು.

ಆ ಬಳೆಗಾರನ ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಒಂದು ಕೋಣೆಯ ಬಾಡಿಗೆ ಮನೆ. ಆ ಕೋಣೆಯಲ್ಲಿ ಗಾಜಿನ ಬಳೆಗಳು, ಅವನು, ನಾಲ್ಕು ಬೆಕ್ಕುಗಳು. ಗಾಜು ತುಂಬಿದ ಮನೆಯಲ್ಲಿ ಬೆಕ್ಕು ಸಾಕುವವನಿಗೆ ತಲೆ ಕೆಟ್ಟಿರಬೇಕು, ಇಲ್ಲವೇ ಮಾತಾಡಲು ಬೇರೆ ಯಾರೂ ಇರಬಾರದು. ಬಳೆಗಾರನ ತಲೆ ಸರಿಯಾಗಿಯೇ ಇತ್ತು.

ಬೆಕ್ಕುಗಳಿಗೆ ಅವನು ಬಳೆಗಳ ಹೆಸರನ್ನೇ ಇಟ್ಟಿದ್ದ. ಚುಕ್ಕಿ, ಗೀರು, ಕಡಗ, ನಾಗಮುರಿ, ಮುತ್ತು.

"ಗುರುಗಳೇ, ಇದು ಐದಾಯಿತು" ಎಂದ ಮುಪ್ಪಯ್ಯ. "ಮುತ್ತು ನಮ್ಮ ಮಠದ ಬೆಕ್ಕು."

"ಬಾಗಿಲು ತೆರೆದಿತ್ತು, ಕತೆಯೊಳಗೆ ನುಗ್ಗಿಬಿಟ್ಟಿದೆ. ಓಡಿಸು. ನಾಲ್ಕೇ."

ನಾಲ್ಕು ಬೆಕ್ಕು ನಾಲ್ಕು ಮೂಲೆ ಹಿಡಿದಿದ್ದವು. ನಡುವಿನಲ್ಲಿ ಬಳೆಗಾರ ಕಾಲು ಮಡಚಿ ಮಲಗುತ್ತಿದ್ದ. ಮನೆಯೊಡತಿ ಕೆಟ್ಟವಳಲ್ಲ. ಅವಳು ಒಂದು ದಿನ ಬಾಗಿಲಲ್ಲಿ ನಿಂತು ಹೇಳಿದಳು: "ಮೂಲಿಗೊಂದು ಬೆಕ್ಕಾತು. ಐದನೇ ಮೂಲಿ ಎಲ್ಲೈತಿ, ನನಗ ತೋರಿಸು. ತೋರಿಸಿದರ ಐದನೇದು ತಾ. ಇಲ್ಲಂದ್ರ ಐದನೇದು ಬಂದ ದಿನ ನಿನ್ನ ಬಳಿ ಮಲಾರ ಬೀದ್ಯಾಗ." ನ್ಯಾಯವಾದ ಮಾತು. ಬಳೆಗಾರ ಸುತ್ತಲೂ ನೋಡಿದ. ಐದನೆಯ ಮೂಲೆ ಇರಲಿಲ್ಲ. ಆಗಲಿ ಎಂದು ಒಪ್ಪಿದ.

ಬಳೆಗಾರನ ಕೆಲಸ ಏನೆಂದು ನಿನಗೆ ಗೊತ್ತೇ? ಬಳೆ ತೊಡಿಸುವುದು ಎನ್ನುತ್ತೀ. ಅಲ್ಲ. ಅವನು ಕೈ ಹಿಡಿಯುವವನು. ಊರಿನ ಹೆಣ್ಣುಮಕ್ಕಳ ಕೈಯನ್ನು ಎಲ್ಲರೆದುರಿಗೆ ಹಿಡಿದು ಕೂರಬಲ್ಲ ಪರಗಂಡಸು ಅವನೊಬ್ಬನೇ. ಬೆರಳುಗಳನ್ನು ಒತ್ತಿ, ಮೂಳೆಯನ್ನು ಮೆತ್ತಗೆ ಸರಿಸಿ, "ಕೈ ಸಡಿಲ ಬಿಡವ್ವ" ಎನ್ನುತ್ತ ಒಂದೊಂದಾಗಿ ಏರಿಸಬೇಕು. ಯಾರಿಗೆ ಜ್ವರ, ಯಾರು ಬಸುರಿ, ಯಾರು ಬೆಳಗಿನಿಂದ ಉಂಡಿಲ್ಲ, ಕೈ ಹೇಳುತ್ತದೆ. ಜಗಲಿಯಲ್ಲಿ ಒಬ್ಬಳು ಕುಳಿತರೆ ನಾಲ್ವರು ಸುತ್ತ ಸೇರುತ್ತಾರೆ. ಮಾತು, ನಗೆ, ಯಾರದೋ ಅತ್ತೆಯ ದೂರು, ಒಂದು ಲೋಟ ಮಜ್ಜಿಗೆ. ಹೆಂಡತಿ ಸತ್ತ ಮೇಲೆ ಆ ಬಳೆಗಾರನಿಗೆ ಇದ್ದ ಮನುಷ್ಯರ ಸಹವಾಸ ಅಷ್ಟೇ. ಹಗಲೆಲ್ಲ ಹತ್ತು ಕೈ ಹಿಡಿದು ಸಂಜೆಗೆ ನಾಲ್ಕು ಬೆಕ್ಕಿನ ಹತ್ತಿರ ಬಂದರೆ ಅವನ ದಿನ ತುಂಬುತ್ತಿತ್ತು.

ಆ ಊರಿನಲ್ಲಿ ಏಳು ಓಣಿ. ಬಳೆಗಾರರದು ಒಂದು ಕಟ್ಟಳೆ. ಓಣಿಯ ಬಾಯಿಗೆ ಬಂದ ಬಳೆಗಾರ ಕೂಗದೆ ತಿರುಗಬಾರದು. ಕೊಳ್ಳುವವರು ಇರಲಿ, ಇಲ್ಲದಿರಲಿ, "ಬಳೇ" ಎಂದು ಒಂದು ಸಲ ಕೂಗಿ, ಓಣಿಯ ಆ ತುದಿಯವರೆಗೆ ನಡೆದು ಹೋಗಬೇಕು. ಯಾಕೆಂದು ಅವರನ್ನು ಯಾರೂ ಕೇಳಿರಲಿಲ್ಲ. ಅವರೂ ಯಾರಿಗೂ ಹೇಳಿರಲಿಲ್ಲ. ಯಾಕೆಂಬುದು ಊರಿಗೆಲ್ಲ ಗೊತ್ತಿತ್ತು. ಬಳೆಗಾರನ ಕಿವಿಗೆ ಎಲ್ಲ ಸುದ್ದಿ ಮೊದಲು ಬೀಳುತ್ತದೆ. ನಾಳೆ ಒಡೆಯಬೇಕಾದ ಬಳೆಯನ್ನು ಅವನು ಇಂದು ತೊಡಿಸುವುದಿಲ್ಲ. ಕೂಗದೆ ತಿರುಗಿದನೆಂದರೆ ಆ ಓಣಿಯಲ್ಲಿ ಯಾರದೋ ಕೈ ಬರಿದಾಗಲಿದೆ ಎಂದು ಅರ್ಥ.

ಒಂದು ದಿನ ನೇಕಾರರ ಓಣಿಯಲ್ಲಿ ಐದನೆಯ ಬೆಕ್ಕು ಬಂತು.

ಕಂದುಬಣ್ಣ. ಒಂದು ಕಿವಿ ಅರ್ಧ. ಗೋಡೆಯಿಂದ ಇಳಿದು ಬಳೆಗಾರನ ಪಕ್ಕದಲ್ಲಿ ನಡೆಯತೊಡಗಿತು. ಕೂಗಲಿಲ್ಲ, ಕಾಲಿಗೆ ಉಜ್ಜಲಿಲ್ಲ, ಹಸಿವೆಂದು ನಾಟಕ ಮಾಡಲಿಲ್ಲ. ಹಳೆಯ ಪರಿಚಯದವರು ಒಂದೇ ದಾರಿಯಲ್ಲಿ ಹೋಗುವಾಗ ನಡೆಯುವ ಹಾಗೆ ನಡೆಯಿತು. ಬಳೆಗಾರನಿಗೆ ತನ್ನ ಬುದ್ಧಿ ಗೊತ್ತಿತ್ತು. ಚುಕ್ಕಿ ಬಂದದ್ದೂ ಹೀಗೆಯೇ. ಕಡಗ ಬಂದದ್ದೂ ಹೀಗೆಯೇ. ಕಣ್ಣಿಗೆ ಕಣ್ಣು ಕೂಡಿದರೆ ಹೆಸರು ತಾನಾಗಿ ಬಾಯಿಗೆ ಬರುತ್ತಿತ್ತು. ಹೆಸರು ಬಂದ ಮೇಲೆ ಬೆಕ್ಕು ಅವನ ಹೆಗಲ ಮೇಲಿನ ಬಳೆಯ ಹೊರೆ, ಆ ಮಲಾರದ ಮೇಲೆ ಕುಳಿತು ಮನೆಗೆ ಬರುತ್ತಿತ್ತು.

ಅವನು ಆಕಾಶ ನೋಡುತ್ತ ನಡೆದ. ಅದು ಹಿಂದೆಯೇ ಬರುತ್ತಿದೆ ಎಂದು ಬೆನ್ನಿಗೆ ಗೊತ್ತಾಗುತ್ತಿತ್ತು. ತಿರುಗಿ ನೋಡಲಿಲ್ಲ. ಓಣಿ ದಾಟಿ, ಮಾರುಕಟ್ಟೆ ದಾಟಿ, ಮನೆ ಸೇರಿ, ಬಾಗಿಲು ಹಾಕಿಕೊಂಡ. ಬಾಗಿಲ ಹೊರಗೆ ಅದು ಕುಳಿತಿದೆ ಎಂದು ಸಂಜೆಯವರೆಗೆ ಉಸಿರು ಹಿಡಿದು ಕೂತ. ಒಳಗಿನ ನಾಲ್ಕು ಬೆಕ್ಕುಗಳು, ಇವನಿಗೇನಾಯಿತು ಎಂದು ಅವನನ್ನೇ ನೋಡುತ್ತಿದ್ದವು.

ಮುಂದಿನ ಸುತ್ತಿನಲ್ಲಿ ನೇಕಾರರ ಓಣಿಯ ಬಾಯಿಗೆ ಬಂದ. ಗೋಡೆಯ ಮೇಲೆ ಅರ್ಧ ಕಿವಿ ಕಂಡಿತು. ಕೂಗಲು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿ ತಿರುಗಿದ. ಅದರ ಮುಂದಿನ ಸುತ್ತಿನಲ್ಲೂ ಹಾಗೆಯೇ ಆಯಿತು.

ಒಂದು ಓಣಿ ಹೋದರೇನು, ಇನ್ನೂ ಆರಿವೆ ಎಂದುಕೊಂಡ. ಆದರೆ ಬೆಕ್ಕಿಲ್ಲದ ಓಣಿ ಯಾವುದು, ಹೇಳು? ಒಮ್ಮೆ ಹೆದರಿದ ಕಣ್ಣಿಗೆ ಎಲ್ಲೆಲ್ಲೂ ಅವೇ ಕಂಡವು. ಕುಂಬಾರರ ಓಣಿಯಲ್ಲಿ ಒಂದು ತಾಯಿ, ಮೂರು ಮರಿ. ಅದನ್ನು ಬಿಟ್ಟ. ಮೇದಾರರ ಓಣಿಯಲ್ಲಿ ಒಂದು ಕುಂಟ ಗಂಡುಬೆಕ್ಕು. ಅದನ್ನೂ ಬಿಟ್ಟ. ಉಳಿದ ಓಣಿಗಳಲ್ಲಿ ಕೂಗುವ ದನಿ ಇಳಿಸಿದ. ಕೂಗಿಗೆ ಬೆಕ್ಕುಗಳು ತಲೆ ಎತ್ತುತ್ತವಲ್ಲ! ಕೊನೆಕೊನೆಗೆ ಅವನು "ಬಳೇ" ಎನ್ನುವುದು ಯಾರಿಗೋ ಗುಟ್ಟು ಹೇಳಿದಂತಿತ್ತು. ಆಮೇಲೆ ಮಟಮಟ ಮಧ್ಯಾಹ್ನ ಹೊರಡಲು ಶುರುಮಾಡಿದ. ಆ ಬಿಸಿಲಿಗೆ ಬೆಕ್ಕುಗಳು ಮಲಗಿರುತ್ತವೆ ಎಂಬುದು ಅವನ ಲೆಕ್ಕ. ಲೆಕ್ಕ ಸರಿಯಾಗಿತ್ತು. ಹೆಂಗಸರೂ ಮಲಗಿರುತ್ತಿದ್ದರು.

ಮುಪ್ಪಯ್ಯ ನಕ್ಕ. ನಕ್ಕು, ಯಾಕೋ ಕೆರೆಯ ಕಡೆ ನೋಡಿದ.

ಗುರುಗಳು ಬೇಳೆಯಿಂದ ಒಂದು ಕಲ್ಲು ಆರಿಸಿ ಎಸೆದರು.

ಹೀಗೆ ಬಳೆಗಾರನ ಊರು ಚಿಕ್ಕದಾಗುತ್ತ ಬಂತು. ಜಗಲಿಯಿಲ್ಲ, ಮಜ್ಜಿಗೆಯಿಲ್ಲ, "ಬಾರಣ್ಣ" ಎನ್ನುವವರಿಲ್ಲ. ಮುಚ್ಚಿದ ಬಾಗಿಲುಗಳ ಮುಂದೆ ಬಿಸಿಲಿನಲ್ಲಿ ಮಲಾರದ ಬಳೆ ಗಿಲಗಿಲ ಎನ್ನುವ ಸದ್ದು ಅವನ ಕಿವಿಗೆ ಮಾತ್ರ ಕೇಳುತ್ತಿತ್ತು. ಎಷ್ಟೋ ದಿನ ಒಂದು ಕೈಯನ್ನೂ ಹಿಡಿಯದೆ ಮನೆಗೆ ಬಂದ. ಬಂದು ಚುಕ್ಕಿಯ ಮುಂಗಾಲು ಹಿಡಿದುಕೊಂಡು ಕೂರುತ್ತಿದ್ದ. ಚುಕ್ಕಿ ಸ್ವಲ್ಪ ಹೊತ್ತು ಹಿಡಿಸಿಕೊಂಡು, ಆಮೇಲೆ ಕಾಲು ಎಳೆದುಕೊಳ್ಳುತ್ತಿತ್ತು. ಆದರೂ ಅವನು ತನ್ನನ್ನು ಒಳ್ಳೆಯವನೆಂದೇ ತಿಳಿದಿದ್ದ. ಮನಸ್ಸು ಮೆತ್ತಗಿದೆ, ಅದಕ್ಕೇ ನೋಡಲಾರೆ ಎಂದುಕೊಳ್ಳುತ್ತಿದ್ದ.

ನೇಕಾರರ ಓಣಿಯ ಮೂರನೆಯ ಮನೆಯಲ್ಲಿ ಒಬ್ಬ ಹೆಂಗಸಿದ್ದಳು. ಅವಳ ಗಂಡ ದೂರದ ಬಂದರಿಗೆ ಮೂಟೆ ಹೊರುವ ಕೆಲಸಕ್ಕೆ ಹೋಗಿದ್ದ. ನಾಲ್ಕು ತಿಂಗಳಿಂದ ಅವನ ಕಾಗದವಿರಲಿಲ್ಲ. ಪ್ರತಿ ಸುತ್ತಿನಲ್ಲಿ ಬಳೆಗಾರ ಅವಳ ಜಗಲಿಯಲ್ಲಿ ಕೂರುತ್ತಿದ್ದ. ಡಜನ್ ಹಸಿರು ಬಳೆ ತೊಡಿಸಿ, ಮೇಲೊಂದು ಬಳೆಯನ್ನು ತನ್ನ ಕಡೆಯಿಂದ ಏರಿಸಿ, "ಇದು ಅವನ ಆಯುಷ್ಯಕ್ಕೆ" ಎನ್ನುತ್ತಿದ್ದ. ಆ ಮೇಲಿನ ಒಂದು ಬಳೆ ನೋಡಿಕೊಂಡು ಅವಳು ದಿನ ತಳ್ಳುತ್ತಿದ್ದಳು.

ಮೊದಲ ಸಲ ಬಳೆಗಾರ ಬರದಿದ್ದಾಗ, ಮೈಗೆ ಹುಷಾರಿಲ್ಲವೇನೋ ಎಂದುಕೊಂಡಳು. ಎರಡನೆಯ ಸಲ ಮಾಳಿಗೆಯ ಮೇಲೆ ನೂಲು ಒಣಹಾಕುತ್ತಿದ್ದಳು. ಬಳೆಗಾರ ಓಣಿಯ ಬಾಯಿಗೆ ಬಂದದ್ದು ಕಂಡಿತು. ಅವನು ಓಣಿಯ ಕಡೆ ನೋಡಿ, ಬಾಯಿ ತೆರೆದು, ಮುಚ್ಚಿ, ತಲೆ ತಗ್ಗಿಸಿ ಬೇಗಬೇಗ ತಿರುಗಿ ಹೋದದ್ದು ಕಂಡಿತು. ಗೋಡೆಯ ಮೇಲಿದ್ದ ಬೆಕ್ಕು ಅವಳಿಗೂ ಕಂಡಿರಬೇಕು. ಆದರೆ ಬೆಕ್ಕನ್ನು ಯಾರು ಎಣಿಸುತ್ತಾರೆ?

ಅವಳ ಕೈಯಿಂದ ನೂಲು ಕೆಳಗೆ ಬಿತ್ತು.

ಅವಳು ಯಾರನ್ನೂ ಕೇಳಲಿಲ್ಲ. ಅಂಥದ್ದನ್ನು ಕೇಳಿದರೆ ಉತ್ತರ ಬಂದುಬಿಡುತ್ತದೆ. ಓಣಿಯವರೂ ಕೇಳಲಿಲ್ಲ. ಅವಳು ನೀರಿಗೆ ಬಂದಾಗ ಅವರ ಮಾತು ನಿಲ್ಲುತ್ತಿತ್ತು. ಅವಳ ಕೊಡವನ್ನು ಯಾರೋ ಮೊದಲು ತುಂಬಿಕೊಡುತ್ತಿದ್ದರು. ಆ ಕನಿಕರ ಕಂಡು ಅವಳಿಗೆ ಇನ್ನೂ ಖಚಿತವಾಯಿತು. ಹಳೆಯ ಬಳೆಗಳು ಒಂದೊಂದೇ ಒಡೆದು ಹೋದವು. ಮಗ್ಗ ನಿಂತಿತು. ಅವಳು ಹೊಸ್ತಿಲ ಮೇಲೆ ಕೂತು ಓಣಿಯ ಬಾಯಿಯನ್ನೇ ನೋಡುತ್ತಿದ್ದಳು. ಆ ಅರ್ಧ ಕಿವಿಯ ಬೆಕ್ಕು ಅವಳ ಗೋಡೆಯ ಮೇಲೆ ಕುಳಿತು ಅದೇ ಕಡೆಗೆ ನೋಡುತ್ತಿತ್ತು.

ನಲವತ್ತು ದಿನ ಹೀಗೆ ಕಳೆಯಿತು. ಒಂದು ಮಧ್ಯಾಹ್ನ, ಬಾವಿಯ ಹತ್ತಿರ ನೆರಳಿಗೆ ಕುಳಿತಿದ್ದ ಬಳೆಗಾರನ ಪಕ್ಕಕ್ಕೆ ಆ ಓಣಿಯ ಒಬ್ಬ ಮುದಿ ನೇಕಾರ ಬಂದು ಕುಳಿತ. ಸ್ವಲ್ಪ ಹೊತ್ತು ಎಲೆಯಡಿಕೆ ಅಗಿದು, ದನಿ ತಗ್ಗಿಸಿ ಕೇಳಿದ:

"ಯಾವಾಗ ಬಂತೋ ತಮ್ಮಾ, ಸುದ್ದಿ?"

"ಯಾವ ಸುದ್ದಿ?"

"ನನ್ನ ಮುಂದೂ ಮುಚ್ಚಿಡ್ತೀಯೇನು? ಆ ಮೂರನೇ ಮನಿ ಹುಡುಗಿ ಗಂಡಂದು."

"ನನಗೇನೂ ಗೊತ್ತಿಲ್ಲ ಕಾಕಾ."

"ಗೊತ್ತಿಲ್ದಾಂವ ಓಣಿ ಬಾಯಿತನಕ ಬಂದು ಕೂಗದ ತಿರುಗ್ತಾನೇನು? ಆಕಿ ಅನ್ನ ಬಿಟ್ಟಾಳ. ಹೋಗಿ ಒಂದ್ ಮಾತು ಹೇಳಿಬಿಡು. ಇದ್ದದ್ದು ಇದ್ದಂಗ ಹೇಳು, ಅತ್ತು ಹಗುರಾಗಲಿ."

ಬಳೆಗಾರನಿಗೆ ಅರ್ಥವಾಗಲು ಎರಡು ಉಸಿರು ಬೇಕಾಯಿತು. ಅರ್ಥವಾದ ಮೇಲೆ ಅವನು ಓಡಿದ. ಬಳೆಗಾರ ಓಡುವುದನ್ನು ಆ ಊರು ಎಂದೂ ನೋಡಿರಲಿಲ್ಲ. ಹೆಗಲ ಮೇಲಿನ ಗಾಜು ಹಾಗೆ ಓಡಬಿಡುವುದಿಲ್ಲ. ದಾರಿಯುದ್ದಕ್ಕೂ ಬಳೆ ಒಡೆದು ಬಿದ್ದವು. ಅವನು ಬಗ್ಗಿ ಆರಿಸಲಿಲ್ಲ.

ಒಡೆದ ಬಳೆಗಳ ಸದ್ದು ಕೇಳಿ ಓಣಿಯ ಹೆಂಗಸರು ಹೊರಗೆ ಬಂದರು. ಅವಳು ಹೊಸ್ತಿಲಿಂದ ಏಳಲಿಲ್ಲ.

"ಹೇಳಿಬಿಡಣ್ಣ" ಎಂದಳು. "ದಿನಾ ಒಂದೊಂದ್ ಸಲ ಸಾಯಾಕ ಆಗವಲ್ದು. ಒಮ್ಮೆ ಹೇಳಿಬಿಡು."

"ತಾಯಿ, ನಾ ಬೆಕ್ಕಿಗೆ ಅಂಜಿ ಬರಲಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು.

"ಬೆಕ್ಕಿಗೆ" ಎಂದಳು ಅವಳು.

"ಹೌದು."

"ಹುಲಿಗಲ್ಲ."

"ಅಲ್ಲವ್ವ. ಬೆಕ್ಕಿಗೆ."

ಹೆಂಗಸರಲ್ಲಿ ಒಬ್ಬಳು ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಪಾಪ, ಹೇಳಾಕ ಬಾಯಿ ಬರವಲ್ದು ಅವಗ. ಅದಕ್ಕ ಬೆಕ್ಕಿನ ಕತಿ ಕಟ್ಟಾಕತ್ತಾನ" ಎಂದಳು ಇನ್ನೊಬ್ಬಳು. ಯಾರು ತಾನೇ ನಂಬುತ್ತಾರೆ? ಬಳೆಗಾರ ಕೆಳಗೆ ಕುಳಿತು ಉಳಿದ ಬಳೆಗಳಲ್ಲಿ ಹಸಿರನ್ನು ಆರಿಸಿದ. "ಕೈ ಕೊಡವ್ವ" ಎಂದ. ಅವಳು ಎರಡೂ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಕನಿಕರಕ್ಕೆ ತೊಡಿಸಿದ ಬಳೆ ಅವಳಿಗೆ ಬೇಡವಾಗಿತ್ತು.

ಆಗ ಗೋಡೆಯ ಮೇಲಿನಿಂದ ಬೆಕ್ಕು ಇಳಿಯಿತು.

ಬಂದು ಬಳೆಗಾರನ ಎದುರಿಗೆ ಕುಳಿತಿತು. ಈ ಸಲ ಆಕಾಶ ನೋಡಲು ಅವನಿಗೆ ಆಗಲಿಲ್ಲ. ಅವನು ಅದರ ಮುಖ ನೋಡಿದ. ಅರ್ಧ ಕಿವಿ, ಹಳದಿ ಕಣ್ಣು, ಮೂಗಿನ ಮೇಲೆ ಹಳೆಯ ಗಾಯ.

"ನನ್ನ ಮನ್ಯಾಗ ಜಾಗ ಇಲ್ಲವ್ವ" ಎಂದ ಬೆಕ್ಕಿಗೆ. "ನಾಕು ಮೂಲಿ, ನಾಕು ಜೀವ. ಮತ್ತೊಂದು ಮೂಲಿ ಇಲ್ಲ. ಇದ್ದಿದ್ರ ನಿನ್ನ ಎಂದೋ ಒಯ್ತಿದ್ದೆ. ಒಯ್ಯಾಕ ಆಗೂದಿಲ್ಲ ಅಂತ ನಿನ್ನ ಮುಂದ ಹೇಳೂ ಧೈರ್ಯ ನನಗ ಆಗಲಿಲ್ಲ. ಅದಕ್ಕ ಬರೂದನ್ನ ಬಿಟ್ಟೆ."

ಹೇಳುತ್ತ ಅವನ ಕಣ್ಣು ತುಂಬಿತು, ಮೂಗು ಸೋರಿತು. ಐವತ್ತು ದಾಟಿದ ಗಂಡಸು ಓಣಿಯ ನಡುವೆ ಮೊಣಕಾಲೂರಿ, ಒಂದು ಬೀದಿ ಬೆಕ್ಕಿನ ಮುಂದೆ ತಪ್ಪೊಪ್ಪಿಕೊಳ್ಳುತ್ತಿದ್ದ. ಅಂಥದ್ದನ್ನು ಯಾರೂ ಸುಳ್ಳಿಗಾಗಿ ಮಾಡುವುದಿಲ್ಲ.

ಅವಳು ಅವನನ್ನು ನೋಡಿದಳು. ಬೆಕ್ಕನ್ನು ನೋಡಿದಳು. ಬಹಳ ಹೊತ್ತಿನ ಮೇಲೆ ಸೆರಗಿನಿಂದ ಕೈ ತೆಗೆದು ಮುಂದೆ ಚಾಚಿದಳು.

ಬಳೆಗಾರ ಆ ಕೈ ಹಿಡಿದ. ಎಂದಿನಂತೆ ಬೆರಳುಗಳನ್ನು ಒತ್ತಿ ಬಳೆ ಏರಿಸಲು ಹೋದ. ಒತ್ತಬೇಕಾಗಲಿಲ್ಲ. ಹಿಂಡಿ ಹಿಂಡಿ ಏರಿಸಬೇಕಾಗಿದ್ದ ಬಳೆ ತಾನಾಗಿ ಒಳಗೆ ಜಾರಿ, ಮೊಣಕೈಯವರೆಗೆ ಹೋಗಿ ನಿಂತಿತು. ಅವನು ಅದನ್ನು ತೆಗೆದು ಚಿಕ್ಕ ಅಳತೆಯದನ್ನು ಹುಡುಕಿದ. ಅದೂ ಜಾರಿತು. ಕೊನೆಗೆ ಎಳೆಯ ಹುಡುಗಿಯರಿಗೆಂದು ಇಟ್ಟಿದ್ದ ಬಳೆ ಅವಳ ಕೈಯಲ್ಲಿ ನಿಂತಿತು. ಹನ್ನೆರಡು ತೊಡಿಸಿದ. ಮೇಲೊಂದು ತೊಡಿಸಿದ. "ಇದು ಅವನ ಆಯುಷ್ಯಕ್ಕೆ" ಎಂದ.

ಎದ್ದು ಓಣಿಯ ಆ ತುದಿಯ ಕಡೆಗೆ ಹೊರಟ. ಬೆಕ್ಕೂ ಎದ್ದು ಪಕ್ಕದಲ್ಲಿ ನಡೆಯಿತು. ಒಂದು ಮನೆ ದಾಟಿತು, ಎರಡು ಮನೆ ದಾಟಿತು, ಅಲ್ಲಿಂದ ಮೂರನೆಯ ಮನೆಯ ಮೆಟ್ಟಿಲ ಹತ್ತಿರ ನಿಂತಿತು. ಅಲ್ಲಿ ಕುಳಿತು ಮುಖ ತೊಳೆದುಕೊಳ್ಳತೊಡಗಿತು. ಬಳೆಗಾರ ಮೊದಲ ಸಲ ತಿರುಗಿ ನೋಡಿದ. ಕಾದ. ಅದು ಬರಲಿಲ್ಲ. ಅದರ ಗಡಿ ಅಷ್ಟೇ. ಮೊದಲ ದಿನವೂ ಅದು ಅಲ್ಲಿಯೇ ನಿಂತಿತ್ತು. ಮಾರುಕಟ್ಟೆಯವರೆಗೆ, ಮನೆಯ ಬಾಗಿಲವರೆಗೆ ಅವನ ಬೆನ್ನು ಹತ್ತಿ ಬಂದದ್ದು ಬೆಕ್ಕಾಗಿರಲಿಲ್ಲ. ಅದು ಕೇಳಿದ್ದು ಮೂರು ಮನೆಯ ದೂರದ ಜೊತೆ. ಅಷ್ಟನ್ನು ಕೊಡುವುದನ್ನು ತಪ್ಪಿಸಿಕೊಳ್ಳಲು ಅವನು ಊರನ್ನೇ ಬಿಟ್ಟಿದ್ದ.

ಗುರುಗಳು ಮೊರವನ್ನು ಕೆಳಗಿಟ್ಟರು.

"ಆಮೇಲೆ ಅವಳ ಗಂಡ?" ಎಂದ ಮುಪ್ಪಯ್ಯ.

"ಎರಡು ತಿಂಗಳಿಗೆ ಕಾಗದ ಬಂತು. ಗಟ್ಟಿಮುಟ್ಟಾಗಿಯೇ ಇದ್ದ. ಅವನ ಕಾಗದ ಬರೆದುಕೊಡುತ್ತಿದ್ದವನು ಊರು ಬಿಟ್ಟಿದ್ದ, ಅಷ್ಟೇ."

"ಬೆಕ್ಕನ್ನು ಅವಳೇ ಇಟ್ಟುಕೊಂಡಳೇ?"

"ಇಟ್ಟುಕೊಂಡಳು. ದಿನಾ ಹಾಲು ಅನ್ನ ಹಾಕಿದಳು. ಬೆಕ್ಕು ಕೊಬ್ಬಿ ಗೋಡೆ ಹತ್ತಲಾರದಾಯಿತು."

ಮುಪ್ಪಯ್ಯನ ಮುಖ ಅರಳಿತು. ಗುರುಗಳು ಅದನ್ನೇ ನೋಡುತ್ತಿದ್ದರು.

"ಸುಳ್ಳು" ಎಂದರು. "ನಿನ್ನ ಮುಖ ನೋಡಿ ಹೇಳಿದೆ. ಅವಳ ಮನೆಯಲ್ಲಿ ನೂಲಿತ್ತು, ಬೆಕ್ಕನ್ನು ಹೇಗೆ ಇಟ್ಟುಕೊಳ್ಳುತ್ತಾಳೆ? ಯಾರೂ ಇಟ್ಟುಕೊಳ್ಳಲಿಲ್ಲ. ಬಳೆಗಾರ ಬಂದಾಗಲೆಲ್ಲ ಅದು ಮೂರು ಮನೆಯ ದೂರ ಜೊತೆಗೆ ನಡೆಯುತ್ತಿತ್ತು. ಅವನು ಅದರ ಜೊತೆ ಮಾತಾಡುತ್ತಿದ್ದ. ಒಂದು ಮಳೆಗಾಲದ ನಂತರ ಅದು ಕಾಣಲಿಲ್ಲ. ಆಮೇಲೆ ಆ ಮೂರು ಮನೆಯ ದೂರವನ್ನು ಅವನು ನಿಧಾನವಾಗಿ ನಡೆಯುತ್ತಿದ್ದ."

ಮುತ್ತು ಬಂದು ಮೊರದೊಳಗೆ ಮಲಗಿತು. ಗುರುಗಳು ಅದನ್ನು ಎತ್ತಿ ಪಕ್ಕಕ್ಕೆ ಇಟ್ಟರು.

ಮುಪ್ಪಯ್ಯನ ಮನಸ್ಸಿನಲ್ಲಿ ಏನೋ ಚುಚ್ಚುತ್ತಿತ್ತು. ಕತೆ ಚೆನ್ನಾಗಿತ್ತು. ಆದರೆ ಅದು ಬಳೆಗಾರನ ಕತೆ. ಬಳೆಗಾರನಿಗೆ ಜಗಲಿಗಳಿದ್ದವು, ಬಾರಣ್ಣ ಎನ್ನುವವರಿದ್ದರು. ತನಗೇನಿದೆ? ಒಂದು ಜೋಳಿಗೆ. ಮಾತಿಲ್ಲದೆ ಬಂದು ಮಾತಿಲ್ಲದೆ ಹೋಗುವವನು. ತಾನು ಹೋಗದಿದ್ದರೆ ಒಂದು ಓಣಿಗೆ ನಾಲ್ಕು ಹಿಡಿ ಜೋಳ ಉಳಿಯುತ್ತದೆ. ಅದು ಅವರಿಗೆ ಒಳ್ಳೆಯದೇ. ಇದನ್ನು ಹೇಳಬಾರದು ಎಂದುಕೊಂಡ. ಆದರೂ ಹೇಳಿದ.

"ಬಳೆಗಾರ ಕೊಡುವವನು, ಗುರುಗಳೇ. ಅವನನ್ನು ಕಾಯುವವರಿದ್ದರು. ನಾನು ತೆಗೆದುಕೊಳ್ಳುವವನು. ಭಿಕ್ಷುಕ ಬರಲಿಲ್ಲ ಎಂದು ಯಾರು ಕಾಯುತ್ತಾರೆ? ಗಾಣಿಗರ ಓಣಿಯಲ್ಲಿ ನನ್ನನ್ನು ಕಾಯುವುದು ಆ ಮರಿ ಒಂದೇ."

ಗುರುಗಳು ಪಕ್ಕದಲ್ಲಿದ್ದ ಗಂಟನ್ನು ಅವನ ಕಡೆ ತಳ್ಳಿದರು.

ಮುಪ್ಪಯ್ಯ ಹಿಂದೆ ಸರಿದ. "ಕಪ್ಪೆಯೇ?" ಎಂದ.

"ಅಲ್ಲ."

"ನನ್ನ ಚಪ್ಪಲಿ ಕಾಲಲ್ಲೇ ಇದೆ."

"ಬಿಚ್ಚು."

ಗುರುಗಳು ನಗುತ್ತಿರಲಿಲ್ಲ. ಮುಪ್ಪಯ್ಯ ಗಂಟು ಬಿಚ್ಚಿದ. ಗಂಟು ಸಡಿಲವಾಗಿತ್ತು, ಹಲ್ಲಿನಲ್ಲಿ ಕಚ್ಚಿ ಹಿಡಿದು ಒಂದೇ ಕೈಯಿಂದ ಕಟ್ಟಿದಂತೆ. ಒಳಗೆ ಜೋಳವಿತ್ತು. ಎಲ್ಲ ಒಟ್ಟಿಗೆ ಸುರಿದದ್ದಲ್ಲ. ಚಿಕ್ಕ ಚಿಕ್ಕ ಎಲೆಯ ಪೊಟ್ಟಣಗಳು. ಕೆಳಗಿನ ಎಲೆಗಳು ಒಣಗಿ ಗರಿಗರಿಯಾಗಿದ್ದವು. ಮೇಲಿನದು ಇನ್ನೂ ಹಸಿರಾಗಿತ್ತು.

"ಒಂಬತ್ತು ದಿನದ ಒಂಬತ್ತು ಹಿಡಿ ಅದು, ಬೆಳಿಗ್ಗೆ ಗಾಣಿಗರ ಓಣಿಯಿಂದ ಒಬ್ಬಳು ತಂದಿಟ್ಟು, 'ನಾನು ಎಡಗೈಯಲ್ಲಿ ಹಾಕುತ್ತೇನೆಂದು ಅಯ್ಯನವರು ನಮ್ಮ ಓಣಿ ಬಿಟ್ಟರೇ' ಎಂದು ಕೇಳಿ ಹೋದಳು."

ಮುಪ್ಪಯ್ಯ ಎದ್ದು ಗೂಟದಿಂದ ಜೋಳಿಗೆ ತೆಗೆದು ಹೆಗಲಿಗೆ ಹಾಕಿಕೊಂಡ.